ಹಳೆ ಪದ್ಮಿನಿ ಬಿಸಿಯಾಗುತ್ತಿದೆಯೇ? ಮೊದಲು ಹೋಸ್ ಹಿಸುಕಿ ನೋಡಿ

ಶಿರಾಡಿ ಘಾಟಿಯಲ್ಲಿ ಹಳೆ ಕಾರೊಂದು ಬಾನೆಟ್ ಎತ್ತಿಕೊಂಡು ರಸ್ತೆ ಪಕ್ಕ ನಿಂತಿದ್ದರೆ ಏನಾಗಿದೆ ಅಂತ ಕೇಳಬೇಕಾಗಿಲ್ಲ. ಎಂಜಿನ್ ಹೀಟ್ ಆಗಿದೆ. ಹಾಗೆ ನಿಂತವರಿಗೆ ದಾರಿಹೋಕರು ಕೊಡುವ ಸಲಹೆಗಳೂ ಗೊತ್ತಿರುವವೇ: ರೇಡಿಯೇಟರ್ ಹೊಸದು ಹಾಕಿಸಿ, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್) ಕಿತ್ತು ಬಿಸಾಡಿ, ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಗೂ ಕೆಳಗಿನ ಬ್ಲಾಕ್‌ಗೂ ನಡುವಿನ ಪದರ) ಹೋಗಿದೆ ಎಂಜಿನ್ ಬಿಚ್ಚಿಸಿ. ಎಲ್ಲವೂ ಸಾವಿರಗಟ್ಟಲೆ ರೂಪಾಯಿಯ ಮಾತು. ಅದಕ್ಕೂ ಮೊದಲು ಎಂಜಿನ್‌ಗೂ ರೇಡಿಯೇಟರ್‌ಗೂ ನಡುವೆ ನೀರು ಸಾಗಿಸುವ ರಬ್ಬರ್ ಹೋಸನ್ನು ಕೈಯಲ್ಲಿ ಹಿಡಿದು ನೋಡುವವರು ಕಡಿಮೆ. ಹೋಸ್ ತಾನು ಹಾಳಾಗಿದ್ದನ್ನೂ ಹೇಳುತ್ತದೆ, ಜೊತೆಗೆ ಥರ್ಮೋಸ್ಟಾಟ್, ರೇಡಿಯೇಟರ್, ಮುಚ್ಚಳ, ಗ್ಯಾಸ್ಕೆಟ್ ಎಲ್ಲದರ ಚಾಡಿಯನ್ನೂ ಹೇಳುತ್ತದೆ. ಕೇಳುವ ಕ್ರಮ ಗೊತ್ತಿರಬೇಕು ಅಷ್ಟೇ.

ಇಲ್ಲಿ ಮುಖ್ಯವಾಗಿ ಪ್ರೀಮಿಯರ್ ಪದ್ಮಿನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ, ಫಿಯೆಟ್ 1100ಡಿ ಮೂಲದ, 1089 ಸಿಸಿ ಎಂಜಿನ್‌ನ ಗಾಡಿ. ಪದ್ಮಿನಿ ಅನ್ನುವ ಹೆಸರು ಬಂದದ್ದು 1974ರಲ್ಲಿ. ಈಗ ರಸ್ತೆಯಲ್ಲಿರುವ ಅತಿ ಚಿಕ್ಕ ವಯಸ್ಸಿನ ಪದ್ಮಿನಿಗೂ 20 ವರ್ಷ ದಾಟಿದೆ. ರಬ್ಬರ್ ಅಷ್ಟು ದಿನ ಬಾಳುವುದಿಲ್ಲ. ಅಂಬಾಸಡರ್, ಹಳೆ ಮಾರುತಿ 800 ಇಟ್ಟುಕೊಂಡವರಿಗೂ ಇದೇ ಕ್ರಮ ನಡೆಯುತ್ತದೆ, ವ್ಯತ್ಯಾಸ ಇರುವಲ್ಲಿ ಹೇಳುತ್ತೇನೆ.

ಯಾವ ಹೋಸ್ ಎಲ್ಲಿ?

ದೊಡ್ಡವು ಎರಡು. ಎಂಜಿನ್ ತಲೆಯ ಮೇಲಿನ ಥರ್ಮೋಸ್ಟಾಟ್ ಹೌಸಿಂಗ್‌ನಿಂದ ರೇಡಿಯೇಟರ್ ಮೇಲ್ಭಾಗಕ್ಕೆ ಹೋಗುವುದು ಟಾಪ್ ಹೋಸ್, ಇದರಲ್ಲಿ ಬಿಸಿ ನೀರು. ರೇಡಿಯೇಟರ್ ಕೆಳಗಿನಿಂದ ವಾಟರ್ ಪಂಪ್‌ಗೆ ಬರುವುದು ಬಾಟಮ್ ಹೋಸ್, ಇದರಲ್ಲಿ ತಣಿದ ನೀರು. ಟಾಪ್ ಹೋಸ್ ಒಳಗೆ ಒತ್ತಡ ಜಾಸ್ತಿ, ಬಾಟಮ್ ಹೋಸನ್ನು ಪಂಪ್ ಎಳೆಯುತ್ತಿರುತ್ತದೆ. ಹಾಗಾಗಿ ಮೇಲಿನದು ಉಬ್ಬಿ ಒಡೆಯುವುದು, ಕೆಳಗಿನದು ಒಳಕ್ಕೆ ಚಪ್ಪಟೆಯಾಗುವುದು. ಇದಿಷ್ಟು ನೆನಪಿದ್ದರೆ ಮುಂದಿನದು ಸುಲಭ.

ಚಿಕ್ಕವು ಗಾಡಿಯಿಂದ ಗಾಡಿಗೆ ಬೇರೆ. ಹೀಟರ್ ಇದ್ದರೆ ಅದಕ್ಕೆ ಎರಡು ಸಣ್ಣ ಹೋಸ್. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ಹೋಸ್ ಅಂತ ಒಂದು ಗಿಡ್ಡ ತುಂಡು ಇರುತ್ತದೆ, ಥರ್ಮೋಸ್ಟಾಟ್ ಮುಚ್ಚಿರುವಾಗಲೂ ನೀರು ಎಂಜಿನ್ ಒಳಗೆ ಸುತ್ತುತ್ತಿರಲಿ ಅಂತ. ಮಾರಿಸ್ ಮೈನರ್ 1000ರಲ್ಲಿ ಅದು ಪಂಪ್‌ಗೂ ಹೆಡ್‌ಗೂ ನಡುವೆ ಎಷ್ಟು ಇಕ್ಕಟ್ಟಿನಲ್ಲಿ ಕೂತಿರುತ್ತದೆ ಎಂದರೆ, ಸೋರಿದಾಗ ಎಲ್ಲರೂ ಪಂಪನ್ನೇ ದೂರುತ್ತಾರೆ.

ಕೈ ಹಾಕುವ ಮೊದಲು

ಎಂಜಿನ್ ತಣ್ಣಗಿರಬೇಕು. ಬೆಚ್ಚಗಿದ್ದರೆ ಸಾಲದು, ತಣ್ಣಗೇ ಇರಬೇಕು. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಗ್ಗೆ ನೋಡುವುದು ಒಳ್ಳೆಯದು. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಬಟ್ಟೆ ಹಿಡಿದುಕೊಂಡೂ ತೆಗೆಯಬೇಡಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್‌ಗೂ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 7 ಪಿಎಸ್‌ಐ (ಪಿಎಸ್‌ಐ ಅಂದರೆ ಒತ್ತಡದ ಅಳತೆ) ಮುಚ್ಚಳ ಹಾಕಿದರೆ ಕುದಿಯುವ ಮಟ್ಟ ಹತ್ತು ಡಿಗ್ರಿಗೂ ಹೆಚ್ಚು ಮೇಲೇರುತ್ತದೆ. ಮುಚ್ಚಳ ತೆಗೆದ ಕ್ಷಣ ಆ ಒತ್ತಡ ಹೋಗುತ್ತದೆ, ಅಷ್ಟು ಹೊತ್ತು ಸುಮ್ಮನಿದ್ದ ನೀರು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ.

ಪದ್ಮಿನಿಯಲ್ಲಿ ಫ್ಯಾನ್ ಪಂಪ್‌ನ ಪುಲ್ಲಿಗೇ ಕೂತಿದೆ, ಎಂಜಿನ್ ಓಡಿದರೆ ಫ್ಯಾನ್ ತಿರುಗುತ್ತದೆ. ಲುಂಗಿ, ಶಾಲು, ಸಡಿಲ ತೋಳು, ಕತ್ತಿನ ಸರ, ಇವ್ಯಾವುವೂ ಹತ್ತಿರ ಸುಳಿಯಬಾರದು. ಮಾರುತಿ 800ರದ್ದು ಕರೆಂಟ್ ಫ್ಯಾನ್, ಅದು ತನಗೆ ಬೇಕಾದಾಗ ಹೊರಡುತ್ತದೆ. ಕೈ ಹಾಕುವಾಗ ಅದರ ಪ್ಲಗ್ ಕಿತ್ತಿಡಿ.

ಸಾಮಾನು ಜಾಸ್ತಿ ಬೇಡ. ಟಾರ್ಚ್, ಸ್ಕ್ರೂಡ್ರೈವರ್, ಹಳೆ ಬಟ್ಟೆ, ಹಳೆ ಪೇಪರ್, ಒಂದು ಡಬ್ಬಿ ಮುಖಕ್ಕೆ ಹಚ್ಚುವ ಪೌಡರ್. ಪೌಡರ್ ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಂತ 1: ಕಣ್ಣು, ಆಮೇಲೆ ಬೆರಳು

ಟಾರ್ಚ್ ಹಿಡಿದು ಹೋಸ್ ಉದ್ದಕ್ಕೂ ನೋಡಿ, ಮುಖ್ಯವಾಗಿ ಕೆಳಮೈ. ಮೇಲ್ಮೈಯನ್ನು ಎಲ್ಲರೂ ಒರೆಸಿಟ್ಟಿರುತ್ತಾರೆ, ಬಿರುಕು ಬಿಡುವುದು ಕಾಣದ ಕಡೆ. ಹೊರಗೆ ಸಣ್ಣ ಸಣ್ಣ ಬಿರುಕು ಸಾಲಾಗಿದ್ದರೆ ಅದು ಬಿಸಿ ಮತ್ತು ಗಾಳಿಯ ಕೆಲಸ. ಹೋಸ್ ಒಂದು ಕಡೆ ಹೊಳೆಯುತ್ತಿದ್ದರೆ ಅಥವಾ ಸವೆದು ಒಳಗಿನ ನೂಲು ಕಾಣುತ್ತಿದ್ದರೆ ಬೆಲ್ಟ್‌ಗೋ ಬ್ರಾಕೆಟ್‌ಗೋ ಉಜ್ಜುತ್ತಿದೆ. ಅಲ್ಲಿ ಹೊಸ ಹೋಸ್ ಹಾಕಿ ಸುಮ್ಮನಾದರೆ ಅದೂ ಹಾಗೇ ಸವೆಯುತ್ತದೆ, ಮೊದಲು ಉಜ್ಜುವುದನ್ನು ತಪ್ಪಿಸಿ.

ಹೋಸ್ ತುದಿಯಲ್ಲಿ, ಕ್ಲಿಪ್ ಸುತ್ತ, ಬಿಳಿಯ ಅಥವಾ ಹಸಿರು ಪುಡಿ ಅಂಟಿದ್ದರೆ ಅಲ್ಲಿ ನಿಧಾನಕ್ಕೆ ಜಿನುಗಿ ಒಣಗುತ್ತಿದೆ ಅಂತ. ಹಸಿರು ಅಂದರೆ ರೇಡಿಯೇಟರ್ ನೀರಿಗೆ ಬೆರೆಸುವ ಕೂಲಂಟ್‌ನ ಬಣ್ಣ. ಬಿಳಿ ಅಂದರೆ ಹೆಚ್ಚಾಗಿ ಬೋರ್‌ವೆಲ್ ನೀರಿನ ಉಪ್ಪು, ಬಕೆಟ್ ಮೇಲೆ ಕಟ್ಟುವ ಅದೇ ಗಾರು. ಹಾಗೆ ಗಾರು ಕಂಡ ಗಾಡಿಯ ರೇಡಿಯೇಟರ್ ಒಳಗೂ ಅದೇ ಕಟ್ಟಿರುತ್ತದೆ, ಅನುಮಾನವೇ ಬೇಡ.

ಈಗ ಹಿಸುಕಿ. ಹೆಬ್ಬೆರಳು ಮತ್ತು ತೋರುಬೆರಳಿನ ಮಧ್ಯೆ, ಒಂದು ತುದಿಯಿಂದ ಇನ್ನೊಂದು ತುದಿವರೆಗೆ, ಇಂಚಿಂಚು. ಒಳ್ಳೆ ಹೋಸ್ ಬಿಗಿಯಾಗಿರುತ್ತದೆ, ಒತ್ತಿದರೆ ಸ್ವಲ್ಪ ಬಗ್ಗುತ್ತದೆ, ಬಿಟ್ಟ ತಕ್ಷಣ ಮೊದಲಿನಂತಾಗುತ್ತದೆ. ಒತ್ತಿದಾಗ ಕರಕರ ಅನ್ನುವಷ್ಟು ಗಟ್ಟಿಯಾಗಿದ್ದರೆ ಬಿಸಿಗೆ ಬೆಂದಿದೆ. ಮೆತ್ತಗೆ, ಅಂಟಂಟಾಗಿ, ಸ್ವಲ್ಪ ಊದಿಕೊಂಡಂತಿದ್ದರೆ ಎಣ್ಣೆ ಬಿದ್ದಿದೆ. ಮೇಲೆ ಟ್ಯಾಪೆಟ್ ಕವರ್‌ನಿಂದಲೋ (ಎಂಜಿನ್ ತಲೆಯ ಮೇಲಿನ ಮುಚ್ಚಳ) ಇನ್ನೆಲ್ಲಿಂದಲೋ ಎಂಜಿನ್ ಆಯಿಲ್ ಸೋರಿ ರಬ್ಬರನ್ನು ತಿಂದಿದೆ.

ಇನ್ನೊಂದು ತರಹದ ಹಾಳು ಇದೆ, ಬಹಳ ಜನ ಬಿಟ್ಟುಬಿಡುವುದು ಇದನ್ನೇ. ಹೋಸ್ ಹೊರಗಿನಿಂದ ಹೊಸದರ ಹಾಗೆ ಇರುತ್ತದೆ, ಒಳಗಿನಿಂದ ಸೀಳಿರುತ್ತದೆ. ಎಂಜಿನ್‌ನ ಲೋಹ, ಕೂಲಂಟ್, ರಬ್ಬರ್‌ನಲ್ಲಿರುವ ಇಂಗಾಲ ಸೇರಿ ಸಣ್ಣ ಬ್ಯಾಟರಿಯಂತೆ ವರ್ತಿಸುತ್ತವೆ. ಆ ಸಣ್ಣ ವಿದ್ಯುತ್ತಿನಿಂದ ಒಳಗೋಡೆಯಲ್ಲಿ ಉದ್ದುದ್ದಕ್ಕೆ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ, ಅವುಗಳ ಮೂಲಕ ಕೂಲಂಟ್ ಇಳಿದು ಒಳಗಿನ ನೂಲನ್ನು ಕೊಳೆಸುತ್ತದೆ. ಇದು ಜಾಸ್ತಿ ಆಗುವುದು ತುದಿಗಳಲ್ಲಿ, ಕ್ಲಿಪ್‌ನಿಂದ ಒಂದೆರಡು ಇಂಚಿನೊಳಗೆ, ಅದೂ ಟಾಪ್ ಹೋಸ್‌ನಲ್ಲಿ. ಹಾಗಾಗಿ ಮಧ್ಯಭಾಗವನ್ನು ಒಮ್ಮೆ ಹಿಸುಕಿ, ತುದಿಯನ್ನು ಒಮ್ಮೆ ಹಿಸುಕಿ, ಎರಡನ್ನೂ ಹೋಲಿಸಿ. ತುದಿ ಮಧ್ಯಕ್ಕಿಂತ ಮೆತ್ತಗಿದ್ದರೆ, ಬೆರಳಿಗೆ ಒಳಗೆ ಗೀರು ಗೀರಾಗಿ ಸಿಕ್ಕಿದರೆ, ಹೊರಗೆ ಎಷ್ಟೇ ಚೆನ್ನಾಗಿದ್ದರೂ ಅದನ್ನು ತೆಗೆದುಹಾಕಿ. ಮಧ್ಯವನ್ನು ಮಾತ್ರ ಹಿಸುಕಿ "ಚೆನ್ನಾಗಿದೆ ಸಾರ್" ಅನ್ನುವ ಮೆಕ್ಯಾನಿಕ್‌ಗಳು ಬೇಕಾದಷ್ಟು ಜನ ಇದ್ದಾರೆ.

ಹಂತ 2: ಕ್ಲಿಪ್

ಸೋರಿಕೆ ಕಂಡ ಕೂಡಲೇ ಕ್ಲಿಪ್ ಬಿಗಿ ಮಾಡುವುದು ನಮ್ಮ ಮೊದಲ ಕೆಲಸ, ಅಲ್ವಾ? ನಿಲ್ಲಿ. ಹಳೆ ಗಾಡಿಯಲ್ಲಿ ಈಗಾಗಲೇ ಎಷ್ಟೋ ಜನ ಅದನ್ನೇ ಮಾಡಿರುತ್ತಾರೆ. ಪಟ್ಟಿ ಕ್ಲಿಪ್‌ನ ತೂತುಗಳಲ್ಲಿ ರಬ್ಬರ್ ಉಬ್ಬಿಕೊಂಡು ಬಂದಿದ್ದರೆ ಅದು ಹೋಸನ್ನು ಕತ್ತರಿಸುತ್ತಿದೆ, ಇನ್ನೂ ಬಿಗಿ ಮಾಡಿದರೆ ಸೋರಿಕೆ ಹೆಚ್ಚಾಗುತ್ತದೆ ಹೊರತು ನಿಲ್ಲುವುದಿಲ್ಲ.

ಡಿಸೆಂಬರ್, ಜನವರಿಯ ಬೆಳಗ್ಗೆ ಗಾಡಿ ಕೆಳಗೆ ನಾಲ್ಕು ಹನಿ, ಎಂಜಿನ್ ಬಿಸಿಯಾದ ಮೇಲೆ ಏನೂ ಇಲ್ಲ, ಇಡೀ ದಿನ ಓಡಿಸಿದರೂ ಇಲ್ಲ, ಮರುದಿನ ಬೆಳಗ್ಗೆ ಮತ್ತೆ ನಾಲ್ಕು ಹನಿ. ಇದಕ್ಕೆ ಕೋಲ್ಡ್ ಲೀಕ್ ಅನ್ನುತ್ತಾರೆ. ಚಳಿಗೆ ರಬ್ಬರ್ ಕುಗ್ಗುತ್ತದೆ, ಕ್ಲಿಪ್‌ನ ಹಿಡಿತ ಸಡಿಲವಾಗುತ್ತದೆ. ಬಿಸಿಯಾದಾಗ ಹಿಗ್ಗಿ ಮತ್ತೆ ಕೂರುತ್ತದೆ. ತಣ್ಣಗಿರುವಾಗ ಕ್ಲಿಪ್ಪನ್ನು ಅರ್ಧ ಸುತ್ತು ತಿರುಗಿಸಿ ನೋಡಿ. ನಿಂತರೆ ಸರಿ. ನಿಲ್ಲದಿದ್ದರೆ ರಬ್ಬರ್ ಗಟ್ಟಿಯಾಗಿದೆ, ಇಲ್ಲವೇ ಹೋಸ್ ಕೂರುವ ಲೋಹದ ಮೂತಿ ತುಕ್ಕು ತಿಂದು ಗುಂಡಿ ಬಿದ್ದಿದೆ.

ಹಂತ 3: ಪೌಡರ್ ಡಬ್ಬಿ

ಹನಿ ಬಿದ್ದ ಜಾಗಕ್ಕೂ ಸೋರುವ ಜಾಗಕ್ಕೂ ಸಂಬಂಧ ಇರಬೇಕೆಂದಿಲ್ಲ. ಮೇಲಿನಿಂದ ಸೋರಿದ್ದು ಹೋಸ್ ಮೈಮೇಲೆ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ, ಗಾಡಿ ಓಡುತ್ತಿದ್ದರೆ ಫ್ಯಾನ್ ಅದನ್ನು ಎಂಜಿನ್ ತುಂಬ ಎರಚುತ್ತದೆ. ಆದ್ದರಿಂದ ತಣ್ಣಗಿರುವಾಗ ಎಲ್ಲವನ್ನೂ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಹೋಸ್‌ಗಳ ತುದಿ, ಪಂಪ್‌ನ ಮೂತಿ, ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಪೌಡರ್ ಉದುರಿಸಿ. ಕೆಳಗೆ ಪೇಪರ್ ಹಾಸಿ.

ಈಗ ಒತ್ತಡ ಕೊಡಬೇಕು. ರೇಡಿಯೇಟರ್ ಮುಚ್ಚಳದ ಜಾಗದಲ್ಲಿ ಕೂರಿಸಿ ಕೈಯಿಂದ ಗಾಳಿ ಹೊಡೆಯುವ ಪ್ರೆಶರ್ ಟೆಸ್ಟರ್ ಸಿಗುತ್ತದೆ, ಎಷ್ಟೋ ರೇಡಿಯೇಟರ್ ಅಂಗಡಿಗಳಲ್ಲಿ ಇಟ್ಟಿರುತ್ತಾರೆ. ಮುಚ್ಚಳದ ಮೇಲೆ ಅಚ್ಚಾದ ಅಂಕಿ ಎಷ್ಟಿದೆಯೋ ಅಷ್ಟೇ ಒತ್ತಡ ಕೊಡಿ, ಒಂದು ಕೂದಲೂ ಜಾಸ್ತಿ ಬೇಡ. ಹಳೆ ಹಿತ್ತಾಳೆ ರೇಡಿಯೇಟರ್‌ನ ಬೆಸುಗೆ ಕಿತ್ತು ಬಂದರೆ ಪರೀಕ್ಷೆಯೇ ಹೊಸ ಖರ್ಚಾಗುತ್ತದೆ. ಅಂಕಿ ಒಂದೊಂದು ಗಾಡಿಗೆ ಒಂದೊಂದು. ಹಳೆಯವುಗಳಲ್ಲಿ 4 ಅಥವಾ 7 ಪಿಎಸ್‌ಐ ಇರಬಹುದು. ಆಮೇಲೆ ಬಂದ ಜಪಾನಿ ಮಾದರಿಗಳಲ್ಲಿ 0.9 ಅಂತ ಇದ್ದರೆ ಅದು ಸುಮಾರು 13 ಪಿಎಸ್‌ಐ. ಯಾರೋ ಹಿಂದಿನ ಮಾಲೀಕರು ಕೈಗೆ ಸಿಕ್ಕ ಮುಚ್ಚಳ ಹಾಕಿಟ್ಟಿರುವ ಸಾಧ್ಯತೆಯೂ ಇದೆ. ಕಡಿಮೆ ಒತ್ತಡಕ್ಕೆ ಮಾಡಿದ ಗಾಡಿಗೆ 13ರ ಮುಚ್ಚಳ ಹಾಕಿದರೆ ಹೋಸ್ ಮೇಲೆ ಹೋಸ್ ಒಡೆಯುತ್ತಲೇ ಇರುತ್ತದೆ. ಗಾಡಿಯ ಪುಸ್ತಕ ನೋಡಿ ತಾಳೆ ಹಾಕಿ.

ಗಾಳಿ ಹೊಡೆದು ಹತ್ತು ನಿಮಿಷ ಬಿಡಿ. ಟೆಸ್ಟರ್‌ನ ಮುಳ್ಳು ಇಳಿಯದಿದ್ದರೆ ಒಳ್ಳೆಯದು. ಇಳಿದರೆ ಪೌಡರ್ ನೋಡಿ. ನೀರು ಹರಿದಲ್ಲಿ ಬಿಳಿ ಪುಡಿ ನೆನೆದು ಕಪ್ಪು ಗೆರೆ ಬಿದ್ದಿರುತ್ತದೆ. ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಹಿಡಿದುಕೊಂಡು ಹೋಗಿ, ಅದು ಶುರುವಾದ ಜಾಗವೇ ಸೋರುವ ಜಾಗ. ಗೆರೆ ಬಾಟಮ್ ಹೋಸ್ ಮೇಲೆ ಇದ್ದು, ಶುರುವಾಗಿದ್ದು ಪಂಪ್‌ನ ಅಡಿಯ ಸಣ್ಣ ತೂತಿನಿಂದ ಆಗಿದ್ದರೆ ಹೋಸ್ ತಪ್ಪಿಲ್ಲ. ಪಂಪ್‌ನ ಸೀಲ್ ಹೋದಾಗ ನೀರು ಹೊರಬರಲಿ ಅಂತಲೇ ಆ ತೂತು ಬಿಟ್ಟಿರುತ್ತಾರೆ. ಮುಳ್ಳು ಇಳಿಯುತ್ತಿದೆ, ಹೊರಗೆ ಎಲ್ಲೂ ಒಂದು ಹನಿ ಇಲ್ಲ ಅಂತಾದರೆ ನೀರು ಒಳಗೆ ಹೋಗುತ್ತಿದೆ, ಹೀಟರ್ ಇದ್ದರೆ ಕಾಲಡಿಯ ಮ್ಯಾಟ್ ಮುಟ್ಟಿ ನೋಡಿ, ಇಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ಟೆಸ್ಟರ್ ಸಿಗದಿದ್ದರೆ ಪೌಡರ್ ಹಾಕಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ಆಫ್ ಮಾಡಿ ನೋಡಬಹುದು. ಫ್ಯಾನ್ ಗಾಳಿಗೆ ಅರ್ಧ ಪೌಡರ್ ಹಾರಿಹೋಗುತ್ತದೆ, ಫಲಿತಾಂಶ ಅಷ್ಟು ಸ್ಪಷ್ಟವಿರುವುದಿಲ್ಲ.

ಹಂತ 4: ಸ್ಟಾರ್ಟ್ ಮಾಡಿ, ಹೋಸ್ ಮುಟ್ಟಿ ನೋಡಿ

ಇದು ನನಗೆ ಅತಿ ಇಷ್ಟದ ಹಂತ, ಯಾಕೆಂದರೆ ಒಂದು ಪೈಸೆ ಖರ್ಚಿಲ್ಲದೆ ಅರ್ಧ ಕೂಲಿಂಗ್ ಸಿಸ್ಟಮ್‌ನ ಜಾತಕ ಸಿಗುತ್ತದೆ. ತಣ್ಣನೆ ಎಂಜಿನ್, ನೀರು ಪೂರ್ತಿ, ಮುಚ್ಚಳ ಹಾಕಿದೆ. ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ಟಾಪ್ ಹೋಸನ್ನು ಆಗಾಗ ಬೆರಳ ಹಿಂಬದಿಯಿಂದ ತಾಗಿಸಿ ನೋಡಿ, ಮುಷ್ಟಿಯಲ್ಲಿ ಹಿಡಿಯಬೇಡಿ. ಫ್ಯಾನ್ ಎಲ್ಲಿದೆ ಅಂತ ಕಣ್ಣಿರಲಿ.

ಸರಿಯಾದ ಗಾಡಿಯಲ್ಲಿ ಟಾಪ್ ಹೋಸ್ ಕೆಲವು ನಿಮಿಷ ತಣ್ಣಗೇ ಇರುತ್ತದೆ. ಎಂಜಿನ್ ನೀರು 80 ಡಿಗ್ರಿ ಆಸುಪಾಸಿಗೆ ಬಂದಾಗ ಥರ್ಮೋಸ್ಟಾಟ್ ತೆರೆದು, ಹೋಸ್ ಒಮ್ಮೆಲೇ ಬಿಸಿಯಾಗುತ್ತದೆ.

ಸ್ಟಾರ್ಟ್ ಮಾಡಿದಾಗಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಬಂದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ, ಅಥವಾ ಅಲ್ಲಿ ಥರ್ಮೋಸ್ಟಾಟೇ ಇಲ್ಲ. ನಮ್ಮ ಕಡೆ ಎರಡನೆಯದೇ ಜಾಸ್ತಿ. "ನಮ್ಮ ಸೆಕೆಗೆ ಇದೆಲ್ಲ ಯಾಕೆ" ಅಂತ ಎಷ್ಟೋ ಗ್ಯಾರೇಜ್‌ಗಳಲ್ಲಿ ಕಿತ್ತುಹಾಕುತ್ತಿದ್ದರು. ಎಂಜಿನ್ ಸರಿಯಾದ ಬಿಸಿಗೆ ಬರದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ. ವಾಪಸ್ ಹಾಕಿಸಿ ಅಂತಲೇ ನನ್ನ ಅಭಿಪ್ರಾಯ.

ಹೀಟ್ ಮೀಟರ್ ಮುಳ್ಳು ಏರುತ್ತಲೇ ಇದೆ, ಟಾಪ್ ಹೋಸ್ ಮಾತ್ರ ತಣ್ಣಗಿದೆ. ಎಂಜಿನ್ ತಕ್ಷಣ ಆಫ್ ಮಾಡಿ. ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂತಿದೆ, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡಿದೆ.

ಟಾಪ್ ಹೋಸ್ ಸುಡುತ್ತಿದೆ, ಎಂಜಿನ್ ಹೀಟ್ ಆಗುತ್ತಿದೆ, ಬಾಟಮ್ ಹೋಸ್ ತಣ್ಣಗೇ ಇದೆ. ನೀರು ರೇಡಿಯೇಟರ್ ದಾಟಿ ಬರುತ್ತಿಲ್ಲ, ಒಳಗೆ ಗಾರು ಕಟ್ಟಿದೆ. ಅದರ ಬದಲು ಎರಡೂ ಹೆಚ್ಚುಕಡಿಮೆ ಒಂದೇ ಸಮ ಬಿಸಿ ಇದ್ದರೆ ನೀರು ಸುತ್ತುತ್ತಿದೆ, ತಣಿಯುತ್ತಿಲ್ಲ. ಫ್ಯಾನ್ ಬೆಲ್ಟ್ ಸಡಿಲವೇ, ರೇಡಿಯೇಟರ್ ಹೊರಗಿನ ರೆಕ್ಕೆಗಳ ತುಂಬ ಕೆಸರು, ಹುಳ ಮೆತ್ತಿದೆಯೇ ನೋಡಿ.

ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದೊಳಗೆ, ನೀರು ಇನ್ನೂ ಬಿಸಿಯಾಗುವ ಮೊದಲೇ ಟಾಪ್ ಹೋಸ್ ಕಲ್ಲಿನಂತೆ ಬಿಗಿದುಕೊಂಡರೆ ಸುದ್ದಿ ಚೆನ್ನಾಗಿಲ್ಲ. ಸಿಲಿಂಡರ್‌ನ ಗಾಳಿ ನೀರಿಗೆ ನುಗ್ಗುತ್ತಿದೆ, ಅಂದರೆ ಹೆಡ್ ಗ್ಯಾಸ್ಕೆಟ್. ಇಂಥ ಗಾಡಿಗೆ ಎಷ್ಟು ಹೊಸ ಹೋಸ್ ಹಾಕಿದರೂ ಒಡೆಯುತ್ತದೆ.

ಹಂತ 5: ಬಾಟಮ್ ಹೋಸ್ ಚಪ್ಪಟೆಯಾಗುತ್ತದೆಯೇ?

ಊರೊಳಗೆ ಸರಿ ಇರುತ್ತದೆ, ಹೈವೇಯಲ್ಲಿ 70 ದಾಟಿದರೆ ಹೀಟ್, ನಿಧಾನ ಮಾಡಿದರೆ ಮತ್ತೆ ಸರಿ. ಗ್ಯಾರೇಜ್‌ಗೆ ಹೋದರೆ ಐಡಲ್‌ನಲ್ಲಿ ಏನೂ ಕಾಣುವುದಿಲ್ಲ. ಈ ದೂರಿಗೆ ಬಾಟಮ್ ಹೋಸೇ ಮೊದಲ ಆರೋಪಿ. ಬಿಸಿ ಎಂಜಿನ್‌ನಲ್ಲಿ ಯಾರಾದರೂ ಆಕ್ಸಿಲರೇಟರ್ ಒತ್ತಿ 3000 ಆರ್‌ಪಿಎಂ ಹತ್ತಿರ ಹಿಡಿಯಲಿ, ನೀವು ಪಕ್ಕದಿಂದ, ಫ್ಯಾನ್‌ಗೆ ನೇರವಾಗಿ ನಿಲ್ಲದೆ, ಟಾರ್ಚ್ ಬಿಟ್ಟು ನೋಡಿ. ಹೋಸ್ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾದರೆ ಪಂಪ್‌ಗೆ ನೀರು ಸಾಲುತ್ತಿಲ್ಲ. ರಬ್ಬರ್ ಮೆತ್ತಗಾಗಿದೆ, ಅಥವಾ ಒಳಗಿರಬೇಕಾದ ತಂತಿ ಸ್ಪ್ರಿಂಗ್ ತುಕ್ಕು ಹಿಡಿದು ಹೋಗಿದೆ, ಅಥವಾ ರೇಡಿಯೇಟರ್ ಕಟ್ಟಿಕೊಂಡು ಪಂಪ್ ಸುಮ್ನೆ ಎಳೆಯುತ್ತಿದೆ. ಎಲ್ಲ ಹೋಸ್‌ಗಳಲ್ಲೂ ಸ್ಪ್ರಿಂಗ್ ಇರುವುದಿಲ್ಲ, ಹಳೆಯದರಲ್ಲಿ ಇದ್ದರೆ ಮಾತ್ರ ಹೊಸದರಲ್ಲೂ ಇರಬೇಕು.

ಗಾಡಿ ನಿಂತು ತಣ್ಣಗಾದ ಮೇಲೆ ಟಾಪ್ ಹೋಸ್ ಚಪ್ಪಟೆಯಾಗಿದ್ದರೆ ಅದು ಬೇರೆ ಕಥೆ. ನೀರು ತಣಿದು ಕುಗ್ಗುವಾಗ ಗಾಳಿಯನ್ನೋ ನೀರನ್ನೋ ಒಳಗೆ ಬಿಡಬೇಕಾದ ಸಣ್ಣ ವಾಲ್ವ್ ಮುಚ್ಚಳದಲ್ಲಿದೆ, ಅದು ಅಂಟಿಕೊಂಡಿದೆ. ಹೋಸ್ ಬಿಡಿ, ಮುಚ್ಚಳ ಬದಲಾಯಿಸಿ.

ಬದಲಾಯಿಸುವುದಾದರೆ

ಹಳೆ ಹೋಸನ್ನು ಕೈಯಲ್ಲೇ ಹಿಡಿದುಕೊಂಡು ಅಂಗಡಿಗೆ ಹೋಗಿ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆ. ಒಳಗಿನ ಅಳತೆ, ಬಾಗು, ಉದ್ದ ಮೂರೂ ಹೊಂದಬೇಕು. ಎರಡು ತುದಿಗೂ ಒಂದೇ ಅಳತೆ ಇರಬೇಕೆಂದಿಲ್ಲ, ಎರಡನ್ನೂ ಅಳೆಯಿರಿ. ಎಲ್ಲಿ ಬೇಕಾದರೂ ಬಗ್ಗುವ ಸುಕ್ಕುಸುಕ್ಕಿನ ಹೋಸ್ ಕೊಡಲು ಬರುತ್ತಾರೆ, ತುರ್ತಿಗೆ ಸರಿ, ಬಾಗಿನ ಹೋಸ್ ಸಿಗುವವರೆಗೆ. "ಕಂಪನಿದೇ ಸಾರ್, ಹಳೆ ಸ್ಟಾಕ್" ಅಂದರೆ ಖುಷಿಪಡಬೇಡಿ. ಲೋಹದ ಭಾಗಕ್ಕೆ ಹಳೆ ಸ್ಟಾಕ್ ಚಿನ್ನ. ಇಪ್ಪತ್ತು ವರ್ಷ ಗೋಡೌನ್‌ನಲ್ಲಿ ಮಲಗಿದ ರಬ್ಬರ್ ನಿಮ್ಮ ಗಾಡಿಯಲ್ಲಿರುವುದರಷ್ಟೇ ಮುದಿ. ಅಂಗಡಿಯಲ್ಲೇ ಬಗ್ಗಿಸಿ ಬಿರುಕು ನೋಡಿ.

ಬಿಚ್ಚುವಾಗ ತಿರುಚಿ ಎಳೆಯಬೇಡಿ. ರೇಡಿಯೇಟರ್‌ನ ಹಿತ್ತಾಳೆ ಮೂತಿ ಬೆಸುಗೆಯಲ್ಲಿ ನಿಂತಿದೆ, ಅದು ಕಿತ್ತು ಬರುತ್ತದೆ. ಹೇಗೂ ಎಸೆಯುವ ಹೋಸ್, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುಲಿದು ತೆಗೆಯಿರಿ. ಮೂತಿಯನ್ನು ನಯವಾದ ಮರಳು ಕಾಗದದಲ್ಲಿ ಉಜ್ಜಿ. ಹೊಸದನ್ನು ಕೂರಿಸಲು ಗ್ರೀಸ್, ಎಣ್ಣೆ ಹಚ್ಚಬೇಡಿ, ಸೋಪಿನ ನೀರು ಸಾಕು. ಕ್ಲಿಪ್ಪನ್ನು ಮೊದಲೇ ಹೋಸಿಗೆ ತೂರಿಸಿಕೊಳ್ಳಿ. ಮೂತಿಯ ಉಬ್ಬು ಅಂಚು ದಾಟಿ, ಹೋಸ್ ತುದಿಯಿಂದ ಸುಮಾರು 5 ಮಿಲಿಮೀಟರ್ ಒಳಗೆ ಅದು ಕೂರಬೇಕು, ಉಬ್ಬಿನ ಮೇಲೆ ಕೂರಬಾರದು. ಸ್ಕ್ರೂ ಮುಂದೆಂದಾದರೂ ಕೈಗೆ ಸಿಗುವ ಕಡೆ ತಿರುಗಿರಲಿ. ಒಮ್ಮೆ ಬಿಸಿಯಾಗಿ ತಣಿದ ಮೇಲೆ ಮತ್ತೆ ಒಂದು ಸ್ವಲ್ಪ ಬಿಗಿ ಮಾಡಿ.

ನೀರು ತುಂಬುವಾಗ ಬೋರ್‌ವೆಲ್ ನೀರು ಬೇಡ. ಡಿಸ್ಟಿಲ್ಡ್ ವಾಟರ್ ತಂದು, ಕೂಲಂಟ್ ಡಬ್ಬಿಯಲ್ಲಿ ಹೇಳಿದ ಪ್ರಮಾಣದಲ್ಲಿ ಬೆರೆಸಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ಕೂಲಂಟ್ ಬೇಕಾಗಿರುವುದು ತುಕ್ಕು ತಡೆಯಲು. ಸಾಧ್ಯವಾದರೆ ಗಾಡಿಯ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಇದ್ದರೆ ತೆರೆದಿಟ್ಟು, ನಿಧಾನವಾಗಿ ತುಂಬಿ. ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿ, ಥರ್ಮೋಸ್ಟಾಟ್ ತೆರೆದಾಗ ಗಾಳಿ ಬಂದು ಮಟ್ಟ ಇಳಿಯುತ್ತದೆ, ತುಂಬಿ ಮುಚ್ಚಿ. ಹಳೆ ಕೂಲಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ಅದು ಸಿಹಿ, ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ.

ದಾರಿಯಲ್ಲಿ ಒಡೆದರೆ

ಬದಿಗೆ ನಿಲ್ಲಿಸಿ, ಆಫ್ ಮಾಡಿ, ಬಾನೆಟ್ ಎತ್ತಿ, ಪೂರ್ತಿ ತಣಿಯುವವರೆಗೆ ಕಾಯಿರಿ. ಬಿಸಿ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು. ಸೀಳು ತುದಿಯ ಹತ್ತಿರ ಇದ್ದು ಹೋಸ್ ಉದ್ದ ಸಾಕಷ್ಟಿದ್ದರೆ ಅಷ್ಟನ್ನು ಕತ್ತರಿಸಿ ಮತ್ತೆ ತೂರಿಸಿ. ಮಧ್ಯದಲ್ಲಾದರೆ ಒರೆಸಿ ಒಣಗಿಸಿ, ತನಗೆ ತಾನೇ ಅಂಟುವ ಸಿಲಿಕೋನ್ ಟೇಪನ್ನು ಎಳೆದೆಳೆದು ಸುತ್ತಿ. ಅದಿಲ್ಲದಿದ್ದರೆ ಪಂಕ್ಚರ್ ಅಂಗಡಿಯಲ್ಲಿ ಸೈಕಲ್ ಟ್ಯೂಬ್ ಕೇಳಿ, ಪಟ್ಟಿ ಕತ್ತರಿಸಿ ಬಿಗಿಯಾಗಿ ಸುತ್ತಿ ತಂತಿ ಕಟ್ಟಿ. ರೇಡಿಯೇಟರ್ ಮುಚ್ಚಳವನ್ನು ಪೂರ್ತಿ ಬಿಗಿ ಮಾಡದೆ ಮೊದಲ ಹಲ್ಲಿಗೆ ಬಿಟ್ಟರೆ ಒತ್ತಡ ಏರುವುದಿಲ್ಲ, ತೇಪೆ ತಡೆಯುತ್ತದೆ. ಒತ್ತಡ ಇಲ್ಲ ಅಂದರೆ ನೀರು ಬೇಗ ಕುದಿಯುತ್ತದೆ, ಹಾಗಾಗಿ ನಿಧಾನವಾಗಿ, ಮೀಟರ್ ನೋಡಿಕೊಂಡು, ಹತ್ತಿರದ ಊರಿನವರೆಗೆ ಮಾತ್ರ. ಡಿಕ್ಕಿಯಲ್ಲಿ 5 ಲೀಟರ್ ನೀರಿನ ಕ್ಯಾನ್, ಎರಡು ಕ್ಲಿಪ್, ಒಂದು ಟಾಪ್ ಹೋಸ್ ಯಾವಾಗಲೂ ಬಿದ್ದಿರಲಿ. ಘಾಟಿ ಹತ್ತುವ ಯೋಚನೆ ಇದ್ದರೆ ಹಿಂದಿನ ದಿನವೇ ಮೊದಲೆರಡು ಹಂತ ಮುಗಿಸಿಡಿ, ಅದಕ್ಕೆ ಹಿಡಿಯುವುದು ಹದಿನೈದು ನಿಮಿಷ.